ರೊಟ್ಟಿ ಬಡಿದ ಕೈ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಒಂದು ಕಾಲಕ್ಕೆ ಇದನ್ನು ಜಂಬದಿಂದ ಹೇಳುತ್ತಿದ್ದೆ, ಈಗ ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇನೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಫ್ಯಾನು ಕೂಡ ನನ್ನಷ್ಟು ತಿರುಗುವುದಿಲ್ಲ ಎಂದು ನಮ್ಮವರು ಬಂದವರ ಮುಂದೆಲ್ಲ ಹೇಳುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಪಾಠ ಮಾಡುವಾಗ ಹೋಗಲಿ, ಮಕ್ಕಳು ಪರೀಕ್ಷೆ ಬರೆಯುವಾಗಲೂ ಕುರ್ಚಿಯಲ್ಲಿ ಕೂತವಳಲ್ಲ.

ತಪ್ಪು ನನ್ನದಲ್ಲ, ರೊಟ್ಟಿಯದು ಎಂಬುದು ನನ್ನ ವಾದ. ಜೋಳದ ರೊಟ್ಟಿ ಬಡಿಯುವ ಕೈಗೆ ಬಿಡುವೆಂಬುದೇ ಗೊತ್ತಿಲ್ಲ. ನಾದು, ಬಡಿ, ಹಂಚಿಗೆ ಹಾಕು, ನೀರು ಸವರು, ಮಗುಚು, ಅದು ಬೇಯುವಷ್ಟರಲ್ಲಿ ಮುಂದಿನದನ್ನು ಬಡಿ. ಒಂದು ಗಳಿಗೆ ಮೈಮರೆತರೆ ಸೀದ ವಾಸನೆ ಓಣಿಗೆಲ್ಲ ಹರಡುತ್ತದೆ. ಹೀಗೆ ಪಳಗಿದ ಕೈಗೆ ಕಳೆದ ವರ್ಷ ಒಮ್ಮೆಲೇ ಮೂರು ಹೊಸ ವಿದ್ಯೆ ಗಂಟುಬಿದ್ದವು. ಹಿತ್ತಲಲ್ಲಿ ಕಾಯಿಪಲ್ಯದ ತೋಟ, ಒಂದು ಹುಂಜ ಸೇರಿ ಮೂರು ಕೋಳಿ, ಮನೆಯಲ್ಲೇ ಕೇಕು. ಮೂರೂ ಮಗಳು ಸ್ಫೂರ್ತಿಯ ಆಸೆ. ಹತ್ತನೇ ಇಯತ್ತೆಯ ಓದಿನ ನಡುವೆ ಹುಡುಗಿಯ ತಲೆ ಹಗುರಾದೀತೆಂದು ನಾನೂ ಹೂಂ ಅಂದೆ. ಮೂರಕ್ಕೂ ಬೇಕಾದ ಗುಣ ಒಂದೇ, ಮಾಡುವುದನ್ನು ಮಾಡಿ ಕೈ ಹಿಂದಕ್ಕೆ ತೆಗೆಯುವುದು ಎಂದು ಆಗ ಯಾರೂ ನನಗೆ ಹೇಳಲಿಲ್ಲ.

ಮೊದಲ ಕೇಕನ್ನು ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು ಬೇಯಿಸಿದೆವು. ತತ್ತಿಯಿಲ್ಲದ, ಮೊಸರಿನ ಕೇಕು. ಐದೈದು ನಿಮಿಷಕ್ಕೆ ಮುಚ್ಚಳ ಎತ್ತಿ ಇಣುಕಿದೆ. ಉಬ್ಬಿ ಬಂದದ್ದು ನನ್ನ ಮುಖ ನೋಡಿ ನೋಡಿ ಕುಸಿಯಿತು. ನಡುವೆ ಬಿದ್ದ ಕುಳಿಯಲ್ಲಿ ಸಕ್ಕರೆ ತುಂಬಿ, "ಹಿಂಗಽ ಮಾಡೋದು ಇದನ್ನ" ಎಂದು ಹಂಚಿದೆ. ನಮ್ಮ ಅತ್ತೆಯವರಿಗೆ ಹಲ್ಲಿಲ್ಲ, ಪಾಪ, ಅವರೊಬ್ಬರೇ ಹೊಗಳಿದರು.

ತೋಟದ ಕಥೆಯೂ ಅಷ್ಟೇ. ಹೀರೇಕಾಯಿ ಬೀಜ ಊರಿದ ಮೂರನೇ ದಿನ ಮಣ್ಣು ಕೆದಕಿ, ಮೊಳಕೆ ಬಂತೇ ಎಂದು ನೋಡಿ, ಮತ್ತೆ ಮುಚ್ಚಿದೆ. ಐದನೇ ದಿನವೂ ನೋಡಿದೆ. ಸ್ಫೂರ್ತಿ ಬಾಗಿಲಲ್ಲಿ ನಿಂತು ಕೇಳಿದಳು, "ಬೀಜಕ್ಕೂ ಟೆಸ್ಟ್ ಇಡಾಕತ್ತಿಯೇನ್ ಮಮ್ಮಿ?" ಅವಳಿಗೆ ದಿನಕ್ಕೊಂದು ಟೆಸ್ಟ್ ಇಡುತ್ತಿದ್ದದ್ದು ಹೌದು. ನಾನು ಕೆದಕಿ ಬಿಟ್ಟದ್ದನ್ನು ಕೋಳಿಗಳು ಬಂದು ಕೆದಕಿದವು. ಅವೂ ನಾನೂ ಒಂದೇ ಜಾತಿ ನೋಡಿ.

ಕೋಳಿಗಳು ಸುಲಭಕ್ಕೆ ಬಂದವಲ್ಲ. ಅತ್ತೆಯವರು ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯದವರು. ಗೆದ್ದಲು ತಿನ್ನುತ್ತವೆ, ಗೊಬ್ಬರ ಸಿಗುತ್ತದೆ ಎಂದು ನಾನು ವಿಜ್ಞಾನ ಹೇಳಿದೆ. ಅವರು ಕೇಳಿಸಿಕೊಂಡು ಕರಾರು ಹಾಕಿದರು. "ಕೋಳಿ ಸಾಕ್ರಿ, ಬ್ಯಾಡ ಅನ್ನೂದಿಲ್ಲ. ಕೊಯ್ಯಾಕ ಕೊಡಂಗಿಲ್ಲ. ತತ್ತಿ ಹೊಸ್ತಿಲಾ ದಾಟಂಗಿಲ್ಲ." ಹಾಗಾಗಿ ತತ್ತಿಗಳು ಹಿತ್ತಲ ಗೋಡೆ ದಾಟಿ ನೆರೆಮನೆಯ ಖೈರುನಬೀ ಅಕ್ಕನ ಬುಟ್ಟಿ ಸೇರುತ್ತಿದ್ದವು. ಆಕೆಗೆ ನಾಲ್ಕು ದಶಕಗಳ ಕೋಳಿ ಸಾಕಿದ ಅನುಭವ. ನನಗೆ ಎರಡು ವಿಡಿಯೋ ನೋಡಿದ ಅನುಭವ.

ಚಳಿಗಾಲದಲ್ಲಿ ನಮ್ಮ ಕೆಂಪು ಕೋಳಿ ಕಾವಿಗೆ ಕೂತಿತು. ಅದರಡಿ ಎಂಟು ತತ್ತಿ ಇಟ್ಟೆವು. ಸ್ಫೂರ್ತಿ ಪೆನ್ಸಿಲಿನಿಂದ ಅವಕ್ಕೆ ಹೆಸರು ಬರೆದಳು, ಹೈಡ್ರೋಜನ್ನಿನಿಂದ ಆಕ್ಸಿಜನ್ನಿನವರೆಗೆ, ನಾನು ಬಾಯಿಪಾಠ ಮಾಡಿಸಿದ ಸಾಲಿನಲ್ಲೇ. ಮರಿ ಹೊರಬರಲು ಬೇಕಾದ ದಿನಗಳೆಂದು ಗೋಡೆಗೆ ಇಪ್ಪತ್ತೊಂದು ಗೆರೆ ಎಳೆದು, ದಿನಕ್ಕೊಂದು ಹೊಡೆದುಹಾಕುತ್ತಿದ್ದಳು. ಪುಸ್ತಕ ಹಿಡಿದು ಕೋಳಿಯ ಪಕ್ಕದಲ್ಲೇ ಕೂತು ಓದುತ್ತಿದ್ದಳು. ಅಷ್ಟು ಸಮಾಧಾನದಿಂದ ಆಕೆ ಓದಿದ್ದನ್ನು ಆ ವರ್ಷ ನಾನು ನೋಡಿರಲಿಲ್ಲ.

ಹತ್ತನೇ ದಿನ ಮೊಬೈಲ್ ಟಾರ್ಚು ಹಿಡಿದು ತತ್ತಿಯೊಳಗೆ ಕಂಡ ಕೆಂಪು ನರಗಳನ್ನು ಮಗಳಿಗೆ ತೋರಿಸಿದೆ. ಎಂಟರಲ್ಲೂ ಇದ್ದವು. ಅವಳು ಉಸಿರು ಬಿಗಿಹಿಡಿದು ನೋಡಿದಳು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಬಾದಾಮಿಯ ಗುಹೆಗಳಿಗೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನನ್ನನ್ನು ಕಾಡುವುದು ಶಿಲ್ಪಿಯ ಉಳಿಯಲ್ಲ, ಅವನು ಉಳಿಯನ್ನು ಕೆಳಗಿಟ್ಟ ಗಳಿಗೆ. ಇನ್ನೊಂದೇ ಏಟು ಎಂದು ಅವನೂ ಕೈ ಎತ್ತಿರಬೇಕು. ಬುತ್ತಿ ತಂದ ಅವನ ಹೆಂಡತಿ, "ಸಾಕ್ ಏಳ್ರಿ, ಮೂಗು ಹೋದೀತು" ಅಂದಿರಬೇಕು. ನನಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ, ಅಥವಾ ಇದ್ದರೂ ನಾನು ಕೇಳುತ್ತಿರಲಿಲ್ಲ. ಹನ್ನೊಂದನೇ ದಿನವೂ ಕೋಳಿಯನ್ನು ಎಬ್ಬಿಸಿದೆ. ಹನ್ನೆರಡನೇ ದಿನ ಬೆಳಿಗ್ಗೆ ಒಮ್ಮೆ, ಶಾಲೆಯಿಂದ ಬಂದ ಮೇಲೊಮ್ಮೆ.

ಹದಿಮೂರನೇ ದಿನ ಭಾನುವಾರ. ನಾನು ಮತ್ತೆ ಎಬ್ಬಿಸಿದಾಗ ಕೋಳಿ ರೆಕ್ಕೆ ಬಡಿದು ನುಗ್ಗೆ ಗಿಡ ಹತ್ತಿತು. ಕಾಳು ತೋರಿಸಿದರೂ ಇಳಿಯಲಿಲ್ಲ, ಕೊನೆಗೆ ಇಳಿದರೂ ಗೂಡಿನತ್ತ ಸುಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತತ್ತಿಗಳು ಉಗುರುಬೆಚ್ಚಗಾಗಿದ್ದವು. ಸ್ಫೂರ್ತಿ ಅಳಲಿಲ್ಲ. "ಎಲ್ಲಾ ತಗದ್ ತಗದ್ ನೋಡತಿ ನೀ. ನನ್ನೂ ಹಂಗಽ ನೋಡತಿ," ಎಂದು ಒಳಗೆ ಹೋದಳು.

ಖೈರುನಬೀ ಅಕ್ಕನಿಗೆ ಫೋನು ಹಚ್ಚಿದೆ. ಆಕೆ ಹುನಗುಂದದಲ್ಲಿ ಮದುವೆಯ ಗದ್ದಲದ ನಡುವೆ ಇದ್ದಳು. "ನನ್ನ ಕೋಳಿನೂ ಕಾವಿಗೆ ಕುಂತೈತ್ರಿ ಟೀಚರ್. ಸಂಜಿಕ ಬಂದು ಅದರ ಬುಡಕ ಇಡ್ತೇನಿ. ಅಲ್ಲೀತನಕ ಆರಾಕ ಬಿಡಬ್ಯಾಡ್ರಿ. ಖರೆ, ನೀವು ಕೈ ಹಚ್ಚಬ್ಯಾಡ್ರಿ!"

ಹಾಗಾದರೆ ಯಾರು ಹಚ್ಚಬೇಕು? ನಾನು ಹಿತ್ತಲ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದಾಗ ಅತ್ತೆಯವರು ತಮ್ಮ ಕೌದಿ ಹಿಡಿದು ಬಂದರು. ಒಂದೊಂದೇ ತತ್ತಿಯನ್ನು ಅದರಲ್ಲಿ ಸುತ್ತಿಕೊಂಡು, ಹೊಸ್ತಿಲು ದಾಟಿ, ಒಲೆಯ ಪಕ್ಕ ಕೂತು ಮಡಿಲಲ್ಲಿಟ್ಟುಕೊಂಡರು. ನಾನು ಬಾಯಿ ತೆರೆದೆ. "ಏನ್ ನೋಡ್ತಿ? ತಿನ್ನಾಕ ತಂದೀನೇನು?" ಅಂದರು. ಸಂಜೆಯವರೆಗೆ ಮಿಸುಕಲಿಲ್ಲ. ಅಂದಿನ ಸಂಜೆಯ ಪೂಜೆಯೂ ತಡವಾಯಿತು.

ಮುಂದಿನ ಎಂಟು ದಿನ ತತ್ತಿಗಳು ಗೋಡೆಯಾಚೆ, ನಾನು ಗೋಡೆಯೀಚೆ. ಆ ಎಂಟು ದಿನವೂ ಮಗಳು ನನ್ನೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೂ, "ಆಯಿ, ನಿನ್ನ ಸೊಸಿಗಿ ಹೇಳು" ಅನ್ನುತ್ತಿದ್ದಳು. ಟೆಸ್ಟ್ ಇಡಲು ನನಗೂ ಬಾಯಿ ಬರಲಿಲ್ಲ. ಪುಸ್ತಕ ತೆರೆದಿದ್ದಾಳೋ ಇಲ್ಲವೋ ಎಂದು ಅವಳ ಕೋಣೆಯ ಮುಂದೆ ಹತ್ತು ಸಲ ನಡೆದು, ಹತ್ತು ಸಲವೂ ಇಣುಕದೆ ಬಂದೆ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಖೈರುನಬೀ ಅಕ್ಕ ಕೂಗಿದಳು. ಓಡಿದೆವು. ಕಾರ್ಬನ್ನಿನ ಚಿಪ್ಪು ಬಿರಿದು ಚುಂಚು ಕಾಣುತ್ತಿತ್ತು. ಒಂದಿಷ್ಟು ಮೀಟುವುದು, ನಿಲ್ಲುವುದು, ಮತ್ತೆ ಮೀಟುವುದು. ಸುಸ್ತಾಗಿದೆ, ಒಂದು ಚೂರು ಚಿಪ್ಪು ಸರಿಸಿದರೆ ಸಾಕಲ್ಲ ಎಂದು ನನ್ನ ಬೆರಳು ತಾನಾಗಿಯೇ ಮುಂದಾಯಿತು. ಸ್ಫೂರ್ತಿ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ ಮಮ್ಮಿ. ಅದು ತಾನಽ ಬರತೈತಿ."

ಹಿಡಿದ ಕೈ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒದ್ದೆ ಮುದ್ದೆಯಂಥದ್ದೊಂದು ಹೊರಬಿತ್ತು, ಸಂಜೆಗೆ ಇನ್ನೆರಡು. ಅಷ್ಟು ಹೊತ್ತು ನಾನು ಒಂದೇ ಕಡೆ ಕೂತಿದ್ದೆ ಎಂದರೆ ನಮ್ಮವರು ಈಗಲೂ ನಂಬುವುದಿಲ್ಲ.

ಉಳಿದ ಐದಕ್ಕೆ ಮತ್ತೆರಡು ದಿನ ಕಾದೆವು. ಕೊನೆಗೆ ನಾನೂ ಅವಳೂ ಬದನೆ ಗಿಡದ ಬುಡದಲ್ಲಿ ಕುಣಿ ತೋಡಿದೆವು. "ನನ್ನಿಂದಽ ಆತು" ಅಂದೆ. ಅವಳು ಪೆನ್ಸಿಲಿನ ಹೆಸರು ಕೆಳಗೆ ಮಾಡಿ ಒಂದೊಂದನ್ನೇ ಇಟ್ಟು, ಮಣ್ಣು ಸರಿಸುತ್ತ, ತಲೆ ಎತ್ತದೆ ಹೇಳಿದಳು, "ಇಲ್ಲ ಮಮ್ಮಿ. ಈ ಐದರಾಗ ಮೊದಲಿಂದನೂ ಜೀವ ಇರಲಿಲ್ಲ."

ಎಂಟರಲ್ಲೂ ಕೆಂಪು ನರಗಳಿದ್ದದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡಿದ್ದೆವು. ಮಕ್ಕಳ ತಪ್ಪು ಉತ್ತರವನ್ನು ಜನ್ಮದಲ್ಲಿ ತಿದ್ದದೆ ಬಿಟ್ಟವಳಲ್ಲ ನಾನು. ಇದೊಂದನ್ನು ತಿದ್ದಲಿಲ್ಲ.