ಮಂಗೋರ್ ಹಿಲ್‌ನ ಕಂಪ್ಯೂಟರ್ ಅಕ್ಕೋರು
ಮಂಗೋರ್ ಹಿಲ್‌ನಲ್ಲಿ ಹೆಂಗಸರಿಗೆ ಕಂಪ್ಯೂಟರ್ ಕಲಿಸುವ ಸುಮಲತಾ ಅಕ್ಕೋರ ದನಿ ಕೆಳಗೆ ಬಂದರಿನಲ್ಲಿ ನಿಂತ ಹಡಗಿಗೂ ಕೇಳಿಸೀತು. "ಹೆದರಬ್ಯಾಡ್ರಿ, ಇದೇನು ಕಚ್ಚಂಗಿಲ್ಲ!" ಎಂಬುದೇ ಅವರ ಮೊದಲ ಪಾಠ. ಅರ್ಜಿ ಬರೆಯಲು ವರ್ಡ್, ಲೆಕ್ಕಕ್ಕೆ ಎಕ್ಸೆಲ್, ನಾಲ್ಕು ಮಂದಿಗೆ ತೋರಿಸಲು ಪವರ್‌ಪಾಯಿಂಟ್ ಎಂದು ಕೆಲಸ ಹೇಳಿಯೇ ಹೆಸರು ಹೇಳುತ್ತಾರೆ. ಯಾರಾದರೂ ತಪ್ಪು ಗುಂಡಿ ಒತ್ತಿದರೆ ಚಪ್ಪಾಳೆ ತಟ್ಟಿ, "ಚಲೋ ಆತು, ಈಗ ತಿದ್ದೂದು ಕಲೀರಿ" ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ಕೂರುವ ಮಂಗಿಬಾಯಿ ಅಕ್ಕೋರ ಹೆತ್ತ ತಾಯಿ, ಕ್ಲಾಸಿನಲ್ಲಿ ಮಾತ್ರ ಆಕೆಗೂ "ಮೌಸ್ ಸರಿಯಾಗಿ ಹಿಡೀರಿ!" ಎಂದೇ ಗದರಿಕೆ. ಬೀಚಿನಲ್ಲಿ ಬಟ್ಟೆ ಹಾಸಿ ಲಂಬಾಣಿ ಕಸೂತಿ ಮಾರುವ ಮಂಗಿಬಾಯಿಯನ್ನು ಪೊಲೀಸರು ಕೂತಲ್ಲೆಲ್ಲ ಎಬ್ಬಿಸಿ ಕಳಿಸುತ್ತಿದ್ದರು. ಆದರೂ ಆ ಮಾರಾಟದಲ್ಲೇ ಆಕೆ ಮಗಳನ್ನು ಓದಿಸಿದರು. ಮೊನ್ನೆ ಕರಕುಶಲ ಮೇಳದ ಮಳಿಗೆ ಹಂಚುವ ಸಭೆಯಲ್ಲಿ ಮಂಗಿಬಾಯಿ ಪವರ್‌ಪಾಯಿಂಟ್ ತೆರೆದು, ತಮ್ಮ ಕಸೂತಿಯ ಚಿತ್ರಗಳನ್ನು ಒಂದೊಂದಾಗಿ ಪರದೆಗೆ ತಂದು, "ಈ ಹೊಲಿಗಿ ನಮ್ಮವ್ವ ಕಲಿಸಿದ್ದರಿ, ಈ ಬಣ್ಣ ನಂದರಿ" ಎಂದು ವಿವರಿಸಿದರು. ಬಂದವರ ಕಣ್ಣಿಗೆ ಮೊದಲು ಬೀಳುವ ಬಾಗಿಲ ಬಳಿಯ ಮಳಿಗೆಯೇ ಆಕೆಗೆ ಸಿಕ್ಕಿತು. ಅಕ್ಕೋರು ಓಡಿಬಂದು ಎಲ್ಲರೆದುರು ಅವ್ವನನ್ನು ಎತ್ತಿಕೊಂಡೇ ಬಿಟ್ಟರು. "ಇಳಸs ನನ್ನ!" ಎಂದು ನಗುತ್ತ ಮಂಗಿಬಾಯಿ ಕೂಗಿದರು, "ಇನ್ನ ನನ್ನ ಯಾರು ಎಬ್ಬಸ್ತಾರ, ನೋಡೇ ಬಿಡ್ತೇನಿ!"