ತುಳಸಿಕಟ್ಟೆಯ ಕೆಳಗಿನ ಮುಚ್ಚಳ

ನಿನ್ನೆ ಗಂಗಾವತಿಯಲ್ಲಿ ಗೆಳೆಯನ ಹೊಸ ಮನೆಯ ಗೃಹಪ್ರವೇಶ. ಬಂದವರೆಲ್ಲ ದೇವರ ಮನೆ, ಅಡುಗೆಮನೆ ನೋಡುತ್ತಿದ್ದರೆ ನಾನು ಹಿತ್ತಲಲ್ಲಿ ಬಗ್ಗಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಹುಡುಕುತ್ತಿದ್ದೆ. ಗೆಳೆಯನ ಹೆಂಡತಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು. ಬರಲಿ. ಮುಚ್ಚಳ ಕಂಡಿತು, ಅದರ ಮೇಲೆ ಏನೂ ಇರಲಿಲ್ಲ. ಆಮೇಲೆಯೇ ನಾನು ಊಟಕ್ಕೆ ಕುಳಿತದ್ದು.

ಬಾಡಿಗೆ ಮನೆಗಳಲ್ಲಿದ್ದಷ್ಟು ಕಾಲ, ಸುರಿದ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸಿದವನಲ್ಲ ನಾನು. ಕೊಪ್ಪಳದಲ್ಲಿ ಸ್ವಂತ ಮನೆ ಕಟ್ಟಿಸಿದಾಗ ಟೈಲ್ಸಿನ ಬಣ್ಣಕ್ಕೆ ಹದಿನೈದು ದಿನ ತಲೆ ಕೆಡಿಸಿಕೊಂಡೆ. ಅವ್ವ ತುಳಸಿಕಟ್ಟೆ ಬೇಕೆಂದಾಗ ಮಾತ್ರ ಅಂಗಳದಲ್ಲಿ ಸಪಾಟಾಗಿದ್ದ ಜಾಗ ತೋರಿಸಿ, ಇಲ್ಲೇ ಕಟ್ಟು ಎಂದು ಗೌಂಡಿಗೆ ಹೇಳಿಬಿಟ್ಟೆ. ಗೌಂಡಿ ಎದುರಾಡದೆ ಕಟ್ಟಿದ. ಮುಂದೆ ಐದು ವರ್ಷ ಪಾಯಿಖಾನೆಗೆ ವಾರಕ್ಕೊಂದು ಬಾಟಲಿ ಆಸಿಡ್ ಸುರಿದು, ಮನೆ ಎಷ್ಟು ಸ್ವಚ್ಛ ಇಟ್ಟಿದ್ದೇನೆ ಎಂದು ಬೀಗುತ್ತಿದ್ದೆ.

ಹೋದ ವರ್ಷ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಎರಡೇ ದಿನ ಇರುವಾಗ ಪಾಯಿಖಾನೆಯ ನೀರು ಇಳಿಯುವುದನ್ನೇ ಬಿಟ್ಟಿತು. ತಳಕಲ್ ಊರಿನ ಬೀಗರು ಮೂವತ್ತು ಜನ ಬರುವವರು. ಏಳು ತಿಂಗಳ ಬಸುರಿ ಮಗಳು ಗಳಿಗೆಗೊಮ್ಮೆ ಪಕ್ಕದ ಮನೆಗೆ ಓಡಬೇಕಾಯಿತು. ಟ್ಯಾಂಕ್ ಖಾಲಿ ಮಾಡುವ ಗಾಡಿ ಬಂತು. ಮುಚ್ಚಳ ಎಲ್ಲಿ? ಗೌಂಡಿಗೆ ಫೋನ್ ಮಾಡಿದೆ.

"ತುಳಸಿಕಟ್ಟಿ ಬುಡಕ ಐತ್ರಿ ಸರ. ನೀವ ಅಲ್ಲೇ ಕಟ್ಟು ಅಂದ್ರಲ್ರಿ!"

ಅವ್ವ ದಿನಾ ಮಡಿಯಲ್ಲಿ ಸುತ್ತುಹಾಕಿ ಕೈಮುಗಿಯುತ್ತಿದ್ದ ಕಟ್ಟೆ. ಹಾರೆ ಹಿಡಿದು ನಿಂತೆ. ಅಷ್ಟರಲ್ಲಿ ಮಗಳು ಸೊಂಟ ಹಿಡಿದುಕೊಂಡು ಪಕ್ಕದ ಮನೆಯಿಂದ ಬಂದಳು. ಅವ್ವ ಅವಳನ್ನು ನೋಡಿದಳು, ನನ್ನ ಕೈಯ ಹಾರೆ ನೋಡಿದಳು. ಗಿಡವನ್ನು ಮಣ್ಣುಸಮೇತ ಎತ್ತಿ ಎಣ್ಣೆಯ ಡಬ್ಬಿಯಲ್ಲಿಟ್ಟಳು.

"ಒಡಿಯಪಾ. ತುಳಸವ್ವ ಡಬ್ಬ್ಯಾಗೂ ಇರ್ತಾಳ. ಬಸುರಿ ಹೆಣ್ಮಗಳನ್ನ ಮಂದಿ ಮನಿಗೆ ಕಳಸ್ತೀಯೇನು?"

ಗಾಡಿಯವನು ಯಾರನ್ನೂ ಒಳಗೆ ಇಳಿಸದೆ ಪೈಪಿನಿಂದಲೇ ಎಲ್ಲ ಹೀರಿದ. "ಆಸಿಡ್ ಹಾಕಬ್ಯಾಡ್ರಿ ಸರ, ಒಳಗ ಕೆಲಸ ಮಾಡೋ ಹುಳಾ ಸಾಯ್ತಾವ. ಮೂರು ವರ್ಷಕ್ಕೊಮ್ಮೆ ತೆಗಸ್ರಿ" ಎಂದ. ಸಂಜೆ ಒಂದು ಬಕೆಟ್ ನೀರು ಸುರಿದೆ. ಗಡಗಡನೆ ಇಳಿದುಹೋಯಿತು. ಆ ಸದ್ದಿಗೆ ನನ್ನ ಕಣ್ಣು ತುಂಬಿತೆಂದರೆ ನಗಬೇಡಿ. ಕುಬಸ ಛಲೋ ಆಯಿತು.

ಆದರೂ ಒಂದು ಅಳುಕು ಉಳಿದೇ ಇತ್ತು. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಅವ್ವನ ಬಳಿ ಬಾಯಿಬಿಟ್ಟೆ: ಐದು ವರ್ಷ ನಿನ್ನ ಕೈಯಿಂದ ಎಂಥದಕ್ಕೆ ಸುತ್ತು ಹಾಕಿಸಿಬಿಟ್ಟೆನವ್ವಾ!

ಅವ್ವ ಮೊಮ್ಮಗಳ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಮನೀದೆಲ್ಲಾ ಹೊಟ್ಟ್ಯಾಗ ಹಾಕ್ಕೊಂಡು ಸುಮ್ಮನ ಕುಂತಿತ್ತಲ್ಲೋ ಅದು. ಕೈ ಮುಗದ್ರ ಏನಾತು?"