ಪಕ್ಕದ ಮನೆಯಲ್ಲಿ ಉಳಿದ ಚೀಲ

ಅಕ್ಕಲಕೋಟದ ಸ್ವಾಮಿಗಳನ್ನು ನಂಬಿದ ಎಲ್ಲರಿಗೂ ಸೊಲ್ಲಾಪುರದ ಚಾದರ ವ್ಯಾಪಾರದ ಮನೆಯ ಈ ಹೆಂಗಸಿನ ನಮಸ್ಕಾರ. ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಬಸುರಿ ಮಗಳು ಶಾಂತಾ ವಿಮಾನದಿಂದ ಇಳಿಯದೆ ಹೋದ ದಿನದ ಸಂಗತಿ ಇದು.

ಅವಳನ್ನು ಆಫ್ರಿಕಾದ ನೈರೋಬಿಗೆ ಕೊಟ್ಟಿದ್ದೆವು. ಅಳಿಯನದು ಅಲ್ಲಿ ಬಟ್ಟೆ ಅಂಗಡಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಹಟ ಹಿಡಿದವಳು ನಾನು. ಏಳು ತಿಂಗಳು ತುಂಬಿತ್ತು. ಮುಂಬೈಗೆ ಮೂರು ಸಾವಿರ ಮೈಲಿಗೆ ಸ್ವಲ್ಪ ಕಡಿಮೆ, ಆರು ತಾಸಿನ ಹಾರಾಟ ಎಂದರು ಯಜಮಾನರು. ಸೊಲ್ಲಾಪುರದಿಂದ ಮುಂಬೈಗೆ ರೈಲಿನಲ್ಲಿ ಒಂದಿಡೀ ರಾತ್ರಿ ಬೇಕು. ಸಮುದ್ರ ದಾಟಲು ಆರೇ ತಾಸೆಂದರೆ ನಂಬಿಕೆ ಬರಲಿಲ್ಲ. ನಡುವೆ ನೋವು ಬಂದರೆ ಇಳಿಯಲು ನೆಲವೆಲ್ಲಿ? ಇದೇ ಚಿಂತೆ ನನ್ನನ್ನು ತಿನ್ನುತ್ತಿತ್ತು.

ಟಿಕೆಟು ಸಿಕ್ಕಿದ್ದು ಅಮಾವಾಸ್ಯೆಗೆ. ಅದಕ್ಕೂ ಮುಂಚಿನ ಒಳ್ಳೆಯ ದಿನ ನೋಡಿ ಪ್ರಸ್ಥಾನ ಇಡು ಎಂದು ಕಾಗದ ಬರೆದೆ. ಮುಹೂರ್ತದಲ್ಲಿ ಒಂದು ಚೀಲವನ್ನು ಪಕ್ಕದವರ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಶುರುವಾದ ಹಾಗೆ. ಹೊರಡುವ ತನಕ ಅದನ್ನು ಮರಳಿ ತರಬಾರದು.

ಕರೆತರಲು ಯಜಮಾನರು ಮುಂಬೈಗೆ ಹೋದರು. ಮಧ್ಯಾಹ್ನ ನಮ್ಮ ಅಂಗಡಿಗೆ ಅವರ ಟ್ರಂಕ್ ಕಾಲ್ ಬಂತು.

"ವಿಮಾನ ಬಂತು. ಮಂದಿ ಎಲ್ಲಾ ಇಳದ್ರು. ನಮ್ಮ ಶಾಂತಾ ಇಲ್ಲ."

ಕಾರಣ ಅವರಿಗೂ ಗೊತ್ತಿರಲಿಲ್ಲ. ಉಟ್ಟ ಸೀರೆಯಲ್ಲೇ ಅಕ್ಕಲಕೋಟದ ಬಸ್ಸು ಹತ್ತಿದೆ. ಕುಂಭಾರಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು, "ಯಾಕವ್ವಾ, ಅಳಾಕತ್ತೀ?" ಎಂದಳು. ಹೇಳಿದೆ.

"ಈ ಬಸ್ಸೇ ಹೊತ್ತಿಗೆ ಬರೂದಿಲ್ಲ, ನೀ ವಿಮಾನದ ಮಾತ ಹೇಳ್ತಿ. ಬರ್ತಾಳ, ಸುಮ್ನಿರು."

ಆ ಹೊತ್ತಿಗೆ ಅವಳ ಮೇಲೆ ಸಿಟ್ಟೇ ಬಂತು. ಗುಡಿಯ ಆಲದ ಮರದ ಕೆಳಗೆ ಕತ್ತಲಾಗುವವರೆಗೆ ಕೂತೆ. "ಸ್ವಾಮಿ, ಮೊಮ್ಮಗೂನ್ನ ತಂದು ನಿನ್ನ ಮುಂದ ಹಾಕ್ತೀನಿ. ಆಕಿನ್ನ ನಡು ದಾರ್ಯಾಗ ಬಿಡಬ್ಯಾಡ" ಎಂದು ಬೇಡಿಕೊಂಡೆ.

ಮರುದಿನ ಅಳಿಯನ ತಂತಿ ಬಂತು. ನೈರೋಬಿಯಲ್ಲೇ ಹೆರಿಗೆ, ಹೆಣ್ಣು ಕೂಸು, ಇಬ್ಬರೂ ಕ್ಷೇಮ. ವಿವರ ಆಮೇಲೆ ತಿಳಿಯಿತು. ಮರೆತುಹೋದೀತೆಂದು ಶಾಂತಾ ಪಾಸ್‌ಪೋರ್ಟು, ಟಿಕೆಟು ಎರಡನ್ನೂ ಪ್ರಸ್ಥಾನದ ಚೀಲದಲ್ಲೇ ಹಾಕಿದ್ದಳು. ಹೊರಡುವಾಗ ನೋಡಿದರೆ ಪಕ್ಕದವರು ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿದ್ದಾರೆ. ವಿಮಾನ ತಪ್ಪಿತು. ಅಳುತ್ತ ಕೂತವಳಿಗೆ ಎರಡು ಮೂರು ತಾಸಿನಲ್ಲಿ ನೋವು ಶುರುವಾಯಿತು. ಆಸ್ಪತ್ರೆ ಹತ್ತಿರವೇ ಇತ್ತು. ತಿಂಗಳು ತುಂಬದ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದರು. ನೋವು ಬಂದ ಆ ಹೊತ್ತಿಗೆ ಅವಳು ಹತ್ತಬೇಕಾಗಿದ್ದ ವಿಮಾನ ನಡು ಸಮುದ್ರದ ಮೇಲಿತ್ತು.

"ನಿನ್ನ ಪ್ರಸ್ಥಾನ ವಿಮಾನಾನೇ ತಪ್ಪಿಸ್ತು ನೋಡು" ಎಂದು ಯಜಮಾನರು ಇಂದಿಗೂ ಕಾಡುತ್ತಾರೆ. ತಪ್ಪಿಸಿದವರು ಯಾರೆಂದು ನನಗೆ ಗೊತ್ತು.

ಬೇಸಿಗೆಯಲ್ಲಿ ಶಾಂತಾ ಮಗುವಿನೊಂದಿಗೆ ಬಂದಳು. ಹರಕೆಯಂತೆ ಕೂಸನ್ನು ಸ್ವಾಮಿಗಳ ಮುಂದೆ ಮಲಗಿಸಿದೆವು. "ವಿಮಾನದಾಗ ಆರು ತಾಸೂ ಮಲಗೇ ಬಂತವ್ವಾ" ಎಂದಳು ಶಾಂತಾ.

ಅವರು ಹಾರಿ ಬಂದ ದಿನ ಕರೆತರಲು ನಾನು ಮುಂಬೈಗೆ ಹೋಗಿರಲಿಲ್ಲ. ಆ ಆರು ತಾಸೂ ಅದೇ ಆಲದ ಮರದ ಕೆಳಗೆ ಕೂತಿದ್ದೆ.